ಪರದೆಯ ಮೂಲೆಯಲ್ಲಿ ಮಾವ

ನನ್ನ ಗಂಡನನ್ನು ಪಾರ್ಟಿ ಹಾಲ್‌ನಲ್ಲಿ ಎಲ್ಲರೂ 'ಗುಡುಗು' ಎನ್ನುತ್ತಾರೆ. ಮನೆಯಲ್ಲಿ ಉಪ್ಪು ಬೇಕಾದರೂ ಬಾಯಿಬಿಟ್ಟು ಕೇಳದೆ ಡಬ್ಬದ ಕಡೆ ನೋಡುತ್ತಾ ಕೂರುವ ಮನುಷ್ಯ. ಹಾಲ್‌ನಲ್ಲಿ ಮಾತ್ರ ಡಿಜೆ. ಹಾಡಿಗೆ ಹಾಡು ಬೆಸೆದು ಜನರನ್ನು ಕುಣಿಸುವುದು ಅವರ ಕೆಲಸ. ತೊಂದರೆ ಇದ್ದದ್ದು ಬೆರಳಿನಲ್ಲಿ. ಒಂದೊಂದೂ ಬಾಳೆಹಣ್ಣಿನಷ್ಟು ದಪ್ಪ. ಲ್ಯಾಪ್‌ಟಾಪಿನಲ್ಲಿ ಹಾಡಿನ ಸದ್ದನ್ನು ತಿರುಚುವ ಎಫೆಕ್ಟ್‌ಗಳ ಗುಂಡಿಗಳೋ ಸಾಸಿವೆ ಕಾಳು. ಹೋದ ತಿಂಗಳು ಎಕೋ ಹಾಕಲು ಹೋಗಿ ಹಾಡನ್ನೇ ಮುಚ್ಚಿಬಿಟ್ಟರು. ಕುಣಿಯುತ್ತಿದ್ದವರು ಎತ್ತಿದ ಕಾಲು ಎತ್ತಿದ ಹಾಗೇ ನಿಂತರು.

ಹಾಲ್‌ನ ಮ್ಯಾನೇಜರ್ ಕರೆದು ಹೇಳಿದ: "ನೋಡು ಗುಡುಗು, ಶನಿವಾರ ಬಿಸ್ಕತ್ ಫ್ಯಾಕ್ಟರಿಯವರ ಪಾರ್ಟಿ. ಅವತ್ತೂ ಹಿಂಗೇ ಆದ್ರೆ ನಿನ್ನ ಜಾಗಕ್ಕೆ ಒಂದು ಪೆನ್‌ಡ್ರೈವ್ ಚುಚ್ಚಿಬಿಡ್ತೀನಿ. ಅದಕ್ಕೆ ಸಂಬಳನೂ ಬೇಡ, ಊಟನೂ ಬೇಡ."

ಇವರು ಮನೆಗೆ ಬಂದವರೇ ಮೂಲೆ ಒಡೆದಿದ್ದ ಹಳೇ ಟ್ಯಾಬ್ಲೆಟ್ ಹೊರತೆಗೆದರು. ಅದರ ಪರದೆಯ ಮೇಲೆ ತಮ್ಮ ಬೆರಳಿಗೆ ತಕ್ಕ ಚೌಕಗಳನ್ನು ಎಳೆದು, ಒಂದೊಂದಕ್ಕೂ ಒಂದೊಂದು ಎಫೆಕ್ಟ್ ಕಟ್ಟಿದರು. ಇಲ್ಲಿ ಮುಟ್ಟಿದರೆ ವೈಫೈ ಮೂಲಕ ಅಲ್ಲಿ ಲ್ಯಾಪ್‌ಟಾಪಿಗೆ ಹುಕುಂ. ಗಡಿಬಿಡಿಯಲ್ಲಿ ಎಫೆಕ್ಟ್‌ಗಳ ಹೆಸರು ನೆನಪಾಗುವುದಿಲ್ಲವೆಂದು ಆ ಚೌಕಗಳಲ್ಲಿ ಮನೆಯವರನ್ನೇ ಕೂರಿಸಿದರು. ಹೇಳಿದ್ದನ್ನೇ ಹೇಳುವ ಎಕೋ 'ಅಮ್ಮ'. ಒಂದೇ ಮಾತು ಹಿಡಿದುಕೊಂಡು ತಟತಟ ಕುಟ್ಟುವ ರೋಲ್ 'ತಂಗಿ'. ಬೇಕಾದದ್ದನ್ನು ಮಾತ್ರ ಸೋಸಿ ಬಿಡುವ ಫಿಲ್ಟರ್ 'ಅವಳು', ಅಂದರೆ ನಾನು. ಎಲ್ಲ ಸದ್ದನ್ನೂ ಒಮ್ಮೆಗೇ ನಿಲ್ಲಿಸುವ ಕಟ್ 'ಅಪ್ಪ'. ನನ್ನ ಮಾವ ಬಾಯಿ ತೆರೆಯುವುದೇ ಆಕಳಿಕೆಗೆ.

ಇಷ್ಟು ಮಾಡಿದವರು ಅದನ್ನು ಮುಚ್ಚಿಡುವುದು ಬಿಟ್ಟು, ಊಟದ ಮೇಜಿನ ಮೇಲೆ ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋದರು. ಅಮ್ಮನ ಚೌಕ ತಂಗಿಯದಕ್ಕಿಂತ ಚಿಕ್ಕದಿದ್ದದ್ದನ್ನು ಕಂಡ ಅತ್ತೆ ಬಚ್ಚಲಿನ ಬಾಗಿಲು ಬಡಿದರು.

"ಏನೋ ಇದು? ನಿನ್ನ ತಂಗಿ ನನಗಿಂತ ದೊಡ್ಡವಳೇನೋ?"

"ಅಮ್ಮ, ಅದು ನೀನಲ್ಲ, ಎಕೋ!"

"ಎಕೋನೋ ಪಾಕೋನೋ. ಅಮ್ಮ ಅಂತ ಬರ್ದಿದೀಯಲ್ಲ? ಹೆತ್ತವಳಿಗೆ ಒಂದು ಅಂಗುಲ ಜಾಗ ಇಲ್ವಾ?"

ಇವರು ಸೋಪಿನ ನೊರೆಯಲ್ಲೇ ಹೊರಬಂದರು, ಪರದೆಯ ಮೇಲೆ ಅಮ್ಮ ದೊಡ್ಡವಳಾದಳು. ಸಂಜೆ ನಾದಿನಿ ಬಂದಳು. "ಮದುವೆಯಾಗಿ ಹೋದವಳು ಅಂತ ತಾನೇ ಅಣ್ಣ ನನ್ನನ್ನ ಕೆಳಗೆ ತಳ್ಳಿರೋದು?" ಎಂದು ಮೂಗು ಸೀಟಿದಳು. ತಂಗಿ ಮೇಲೆ ಹೋಗಿ ಅಮ್ಮನಷ್ಟೇ ಅಗಲವಾದಳು. ನಾನು ಬಾಯಿ ಹಾಕಬಾರದೆಂದೇ ಇದ್ದೆ. ಆದರೆ 'ಅವಳು' ಅಂದರೇನು? ಯಾವಳು? ಅಷ್ಟೇ ಕೇಳಿದ್ದು. ಅದು 'ನನ್ನವಳು' ಆಯಿತು. ಅಕ್ಷರ ಹೆಚ್ಚಾದರೆ ಚೌಕ ಹಿಗ್ಗಲೇಬೇಕು, ಅದಕ್ಕೆ ನಾನೇನು ಮಾಡಲಿ?

ಮೊದಲು ಬೆರಳು ಇಟ್ಟಷ್ಟು ಹೊತ್ತು ಎಫೆಕ್ಟ್ ಇರುತ್ತಿತ್ತು, ತೆಗೆದರೆ ನಿಲ್ಲುತ್ತಿತ್ತು. ಅದನ್ನು ಕಂಡು ಅತ್ತೆಯ ಮುಖ ಸಪ್ಪಗಾಯಿತು.

"ನೀನು ಬೆರಳು ತೆಗೆದ ತಕ್ಷಣ ನಾನು ಬಾಯಿ ಮುಚ್ಕೋಬೇಕಾ?"

"ನನ್ನನ್ನೂ ಹಂಗೆ ಮಾಡ್ಬೇಡ ಅಣ್ಣ," ಎಂದಳು ನಾದಿನಿ.

ಮನೆಯಲ್ಲಿ ಶಾಂತಿ ಬೇಕಲ್ಲ. ಒಮ್ಮೆ ಮುಟ್ಟಿದರೆ ಮತ್ತೆ ಮುಟ್ಟುವವರೆಗೂ ನಿಲ್ಲದ ಹಾಗೆ ಮಾಡಿದರು, ನಮ್ಮ ಮೂವರು ಹೆಂಗಸರಿಗೂ. ಮಾವ ದೂರು ಹೇಳಲಿಲ್ಲ. ಹಾಗಾಗಿ ಅವರದು ಮೊದಲಿನಂತೆಯೇ ಉಳಿಯಿತು.

ನಮಗೆಲ್ಲ ಜಾಗ ಬಂದದ್ದೂ ಅವರಿಂದಲೇ. "ಅಪ್ಪ, ಸ್ವಲ್ಪ ಸರಿಸ್ಲಾ?" ಎಂದರೆ "ಸರಿಸು" ಎನ್ನುತ್ತಿದ್ದರು. ಸರಿದು ಸರಿದು ಕೊನೆಗೆ ಒಡೆದ ಮೂಲೆಯಲ್ಲಿ ಹೆಸರುಕಾಳಿನಷ್ಟು ಉಳಿದರು.

"ಇಲ್ಲಿ ಪರವಾಗಿಲ್ವಾ ಅಪ್ಪ?"

ಮಾವ ಕನ್ನಡಕ ಏರಿಸಿ, ತಮ್ಮ ಜಾಗವನ್ನು ಕಿರುಬೆರಳಿನ ತುದಿಯಿಂದ ಮುಟ್ಟಿ ನೋಡಿದರು. "ಗಾಳಿ ಬೆಳಕು ಇದೆ," ಎಂದರು.

ಶನಿವಾರ ನಾವೆಲ್ಲ ಒಳ್ಳೆಯ ಬಟ್ಟೆ ಹಾಕಿಕೊಂಡು ಹೊರಟೆವು, ನಮ್ಮನ್ನು ನಾವೇ ನೋಡಲು. ಡಿಜೆ ಮೇಜಿನ ಹಿಂದೆ ಸಾಲಾಗಿ ಕುರ್ಚಿ ಹಾಕಿಕೊಂಡು ಕುಳಿತೆವು. ಹಾಡು ಚೆನ್ನಾಗಿಯೇ ಶುರುವಾಯಿತು. ಫ್ಯಾಕ್ಟರಿಯವರು ಕುಣಿದರು.

"ಇನ್ನೂ ನನ್ನನ್ನ ಮುಟ್ಟೇ ಇಲ್ವಲ್ಲೋ!" ಎಂದರು ಅತ್ತೆ.

ಇವರು ಅಮ್ಮನನ್ನು ಒತ್ತಿದರು. ಹಾಡು ಹಾಲ್‌ನ ತುಂಬ ಮರುದನಿಸಿತು, ಜನ ಶಿಳ್ಳೆ ಹಾಕಿದರು. ಅತ್ತೆ ಸೆರಗು ಸರಿಮಾಡಿಕೊಂಡರು. ನಾದಿನಿ ಹಿಂದಿನಿಂದ ಅಣ್ಣನ ಅಂಗಿ ಜಗ್ಗಿದಳು, ಇವರು ತಂಗಿಯನ್ನೂ ಒತ್ತಿದರು. ನಾನು ಕೆಮ್ಮಿದೆ ಅಷ್ಟೆ. ನನ್ನನ್ನೂ ಒತ್ತಿದರು.

ಅಮ್ಮ ಹೇಳಿದ್ದನ್ನು ತಂಗಿ ಕುಟ್ಟಿದಳು, ತಂಗಿ ಕುಟ್ಟಿದ್ದನ್ನು ಅಮ್ಮ ಮತ್ತೆ ಹೇಳಿದಳು, ಎಲ್ಲವನ್ನೂ ನಾನು ಹಿಂಡಿ ಹಿಂಡಿ ಒಂದು ಕಿರುಚಾಟ ಮಾಡಿಟ್ಟೆ. ಜನ ಕಿವಿ ಮುಚ್ಚಿಕೊಂಡರು. ಚೌಕಗಳ ನಡುವೆ ಕೂದಲೆಳೆಯಷ್ಟೂ ಜಾಗವಿರಲಿಲ್ಲ. ಇವರು ಒಬ್ಬರನ್ನು ನಿಲ್ಲಿಸಲು ಹೋದರೆ ಹೆಬ್ಬೆರಳಿನ ಅಂಚು ಇನ್ನೊಬ್ಬರನ್ನು ಎಬ್ಬಿಸುತ್ತಿತ್ತು. "ಅಪ್ಪ ಎಲ್ಲಿ? ಅಪ್ಪ ಎಲ್ಲಿ?" ಎಂದು ಮೂಲೆಯನ್ನು ತಿವಿದರು. ಪ್ರತಿ ಸಲವೂ ಸಿಕ್ಕಿದವಳು ಅಮ್ಮನೇ.

ಮ್ಯಾನೇಜರ್ ಪೆನ್‌ಡ್ರೈವನ್ನು ಚಾಕುವಿನ ಹಾಗೆ ಹಿಡಿದುಕೊಂಡು ಬಂದ. "ಮುಗೀತು ಗುಡುಗು, ಇಳಿ ಕೆಳಗೆ!"

ಆಗ ಮಾವ ಎದ್ದರು. ಕನ್ನಡಕ ಏರಿಸಿದರು. ಮಗನ ಕೈಯನ್ನು ಪಕ್ಕಕ್ಕೆ ಸರಿಸಿ, ಒಡೆದ ಮೂಲೆಯಲ್ಲಿ ಕಿರುಬೆರಳಿಟ್ಟರು.

ಸದ್ದಡಗಿತು. ಮ್ಯಾನೇಜರ್ ಕೂಡ ಎತ್ತಿದ ಕಾಲು ಎತ್ತಿದ ಹಾಗೇ ನಿಂತ.

"ಈಗ ಒಬ್ಬೊಬ್ಬರನ್ನೇ ನಿಲ್ಲಿಸು," ಎಂದರು ಮಾವ, ಬೆರಳು ತೆಗೆಯದೆ.

ಇವರು ಬೆವರು ಒರೆಸಿಕೊಂಡು, ಉರಿಯುತ್ತಿದ್ದ ಚೌಕಗಳನ್ನು ನಿಧಾನಕ್ಕೆ ಆರಿಸಿದರು. ಅಮ್ಮ, ತಂಗಿ, ಕೊನೆಗೆ ನಾನು.

"ಆಯ್ತು ಅಪ್ಪ, ಬಿಡು."

"ಇರು."

ಜನ ಕಿವಿಯಿಂದ ಕೈ ತೆಗೆದು ಮಾವನನ್ನೇ ನೋಡುತ್ತಿದ್ದರು. ಯಾರೋ ನೆಲಕ್ಕೆ ಕಾಲು ಬಡಿಯತೊಡಗಿದರು. ಇನ್ನೊಬ್ಬರು, ಮತ್ತೊಬ್ಬರು.

"ಅಪ್ಪ, ಬಿಡಪ್ಪ!"

"ಇರೋ. ಊಟ ಮಾಡ್ತಿರೋರು ಬರ್ಲಿ."

ತಟ್ಟೆ ಬಿಟ್ಟು ಅವರೂ ಬಂದರು. ಇಡೀ ಹಾಲ್ ಕಾಲು ಬಡಿಯುತ್ತಿತ್ತು. ಆಗ ಮಾವ ಬೆರಳೆತ್ತಿದರು. ಹಾಡು ತೊಳೆದಿಟ್ಟ ಹಾಗೆ ಬಂದು ಬಿತ್ತು. ಆಮೇಲೆ ಎದ್ದ ಕೂಗು ಬೀದಿಗೆ ಕೇಳಿಸಿತಂತೆ.

ಮ್ಯಾನೇಜರ್ ಪೆನ್‌ಡ್ರೈವನ್ನು ಜೇಬಿಗೆ ಇಳಿಸಿದ. "ಮುಂದಿನ ಶನಿವಾರನೂ ನೀನೇ ಬಾ ಗುಡುಗು. ಆದ್ರೆ ಈ ಯಜಮಾನರನ್ನ ಕರ್ಕೊಂಡು ಬರ್ಬೇಕು."

"ಊಟ ಇದ್ಯಾ?" ಎಂದರು ಮಾವ. "ಪೆನ್‌ಡ್ರೈವ್‌ಗೆ ಬೇಡ ಅಂದ್ರಂತಲ್ಲ, ಅದನ್ನ ನನಗೆ ಬಡಿಸಿ."

ಮನೆಗೆ ಬರುವಾಗ ಅತ್ತೆಗೇ ಪಾಪ ಅನ್ನಿಸಿತು. "ಪಾಪ ಕಣೋ, ನಿಮ್ಮಪ್ಪನ ಚೌಕ ಸ್ವಲ್ಪ ದೊಡ್ಡದು ಮಾಡೋ. ಬೇಕಾದ್ರೆ ನನ್ನದರಲ್ಲೇ ತಗೋ."

"ಬೇಡ ಬೇಡ," ಎಂದರು ಮಾವ. "ದೊಡ್ಡದಾದ್ರೆ ಇವನ ಬೆರಳಿಗೂ ಸಿಗುತ್ತೆ."