ಭಾವ ಟೈರಿನ ಸುತ್ತಳತೆ ತೆಗೆದದ್ದು

1

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಕಾರಿನ ಅಡಿಯಿಂದಲೋ, ಅಕ್ಕನ ಮುಖದಿಂದಲೋ? ಕಾರಿನ ಅಡಿಯಲ್ಲಿ ಭಾವ ಮಲಗಿದ್ದಾರೆ, ಹೊರಗೆ ಕಾಣುವುದು ಅವರ ಕಾಲುಗಳು ಮಾತ್ರ. ಅಕ್ಕನ ಮುಖ ಸಿಟ್ಟಿನಿಂದ ಊದಿಕೊಂಡಿದೆ. ಓದುಗರೇ, ಜಾಣರಾದರೆ ಕಾಲನ್ನೇ ಆರಿಸಿಕೊಳ್ಳಿ. ಕಾಲು ಬೈಯುವುದಿಲ್ಲ.

2

ಅಕ್ಕ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಭಾವ ದರ್ಜಿ, ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಾರು ಆಲ್-ವೀಲ್ ಡ್ರೈವ್, ಅಂದರೆ ಎಂಜಿನ್ನಿನ ಬಲ ನಾಲ್ಕು ಚಕ್ರಕ್ಕೂ ಹೋಗುವಂಥದ್ದು. ಗುಡ್ಡದ ಮೇಲೊಬ್ಬ ವಯಸ್ಸಾದ ಬಡಗಿಯಿದ್ದಾನೆ, ಅವನ ಕಾಲಿನ ಹುಣ್ಣಿಗೆ ನಾಳೆ ಬೆಳಿಗ್ಗೆ ಡ್ರೆಸ್ಸಿಂಗ್ ಬದಲಿಸಲೇಬೇಕು. ದಾರಿಯೆಲ್ಲ ಕೆಸರಿನ ಏರು. ಹೀಗಿರುವಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡು ಕೂತಿದೆ, ತಿರುವುಗಳಲ್ಲಿ ಅಡಿಯಿಂದ ಗುದ್ದಿದಂತೆ ಸದ್ದು ಬರುತ್ತಿದೆ, ಬಲ ಸಿಗದೆ ಹಿಂದಿನ ಚಕ್ರಗಳು ಕೈಕೊಟ್ಟಿವೆ. ಮೆಕ್ಯಾನಿಕ್ ಬರುವುದು ಮುಂದಿನ ವಾರ.

(ಮೊದಲ ಡ್ರಾಫ್ಟ್‌ನಲ್ಲಿ ಇಷ್ಟಕ್ಕೇ ಮೂರು ಪುಟ ಹಿಡಿದಿತ್ತು. ಬಹುಪಾಲು ಮೋಡದ ವರ್ಣನೆ.)

3 (ಹರಿದುಹಾಕಿದ್ದು)

ಅಕ್ಕ ಹಾಗೆಯೇ ಹೊರಡುತ್ತಾಳೆ, ಕಾರು ಜಾರುತ್ತದೆ, ಪ್ರಪಾತದ ಅಂಚಿನಲ್ಲಿ ಮುಂದಿನ ಚಕ್ರ... ಅಷ್ಟರಲ್ಲಿ ಅಕ್ಕನೇ ನನ್ನ ಕೈ ಹಿಡಿದು ನಿಲ್ಲಿಸಿದಳು.

"ನಿನ್ನ ಕಥೆಗೆ ಕಳೆ ಬರ್ಲಿ ಅಂತ ನಾನ್ಯಾಕೋ ಜಾರ್ಬೇಕು? ಅಲ್ಲಿ ಆ ಮನುಷ್ಯ ಕಾಲು ಚಾಚ್ಕೊಂಡು ಕಾಯ್ತಿರ್ತಾನೆ. ಮೊದ್ಲು ಕಾರು ಸರಿಮಾಡ್ಸು."

ಪಾತ್ರಗಳನ್ನು ತಲೆಯ ಮೇಲೆ ಕೂರಿಸಿಕೊಂಡರೆ ಹೀಗೇ ಆಗುವುದು.

ಮತ್ತೆ 3

ಭಾವ ಫ್ಯೂಸ್ ನೋಡಿದರು, ಸರಿಯಿತ್ತು. ಆಯಿಲ್ ನೋಡಿದರು, ಸರಿಯಿತ್ತು. ಚಕ್ರದ ಸೆನ್ಸರ್‌ಗಳಿಗೆ ಮೆತ್ತಿದ್ದ ಕೆಸರನ್ನು ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕಿದರು. ದೀಪ ಆರಲಿಲ್ಲ. ಕೊನೆಗೆ ಕೊರಳಲ್ಲಿದ್ದ ಟೇಪು ತೆಗೆದು, ಗಿರಾಕಿಯ ಸೊಂಟ ಅಳೆಯುವಂತೆ ಒಂದೊಂದೇ ಟೈರಿನ ಸುತ್ತಳತೆ ತೆಗೆದರು. ಮೂರು ಟೈರು ಒಂದೇ ಅಳತೆ. ನಾಲ್ಕನೆಯದು ಎರಡು ಬೆರಳು ಹೆಚ್ಚು.

ಅದು ಹೊಸ ಟೈರು. ಮೊನ್ನೆ ಮೊಳೆ ಚುಚ್ಚಿದಾಗ ಭಾವನೇ ಹಾಕಿಸಿದ್ದು. ಗುಡ್ಡ ಹತ್ತುವ ಹೆಂಡತಿಗೆ ಪ್ಯಾಚ್ ಹಾಕಿದ ಟೈರು ಕೊಡಲು ಅವರ ಮನಸ್ಸು ಒಪ್ಪಿರಲಿಲ್ಲ. ಹಳೆಯದನ್ನು ಪ್ಯಾಚ್ ಹಾಕಿಸಿ ಸ್ಟೆಪ್ನಿ ಮಾಡಿ ಡಿಕ್ಕಿಯಲ್ಲಿಟ್ಟಿದ್ದರು. ಸವೆದ ಟೈರುಗಳು ಬೇಗ ತಿರುಗುತ್ತವೆ, ಹೊಸದು ನಿಧಾನ. ಯಾವುದೋ ಚಕ್ರ ಜಾರುತ್ತಿದೆಯೆಂದು ಕಾರು ತಪ್ಪು ತಿಳಿದು, ಹೆಣಗಾಡಿ, ಕೊನೆಗೆ ಹಿಂದಿನ ಚಕ್ರಗಳನ್ನೇ ಕೈಬಿಟ್ಟಿತ್ತು. ಪ್ರೀತಿ ಜಾಸ್ತಿಯಾಗಿ ಕೆಟ್ಟ ಕಾರು.

ಉಳಿದ ಮೂರರಷ್ಟೇ ಸವೆದ ಆ ಸ್ಟೆಪ್ನಿ ಹಾಕಿದರೆ ಕಥೆ ಮುಗಿಯಿತಲ್ಲವೇ? ಆದರೆ ಭಾವ ಟೇಪನ್ನು ಕೊರಳಿಗೆ ಹಾಕಿಕೊಂಡು ಮತ್ತೆ ಕಾರಿನ ಅಡಿಗೆ ತೂರಿಕೊಂಡರು. ಅಕ್ಕ ಕೇಳಿದ್ದಕ್ಕೆ, ಇನ್ನೂ ಗೊತ್ತಾಗ್ತಿಲ್ಲ ಎಂದರು.

5

(ನಾಲ್ಕನೆಯದನ್ನು ಬಿಟ್ಟಿದ್ದೇನೆ. ಅದರಲ್ಲಿ ಭಾವನನ್ನು ಸುಳ್ಳುಗಾರ ಎಂದಿದ್ದೆ.)

ಗೊತ್ತಾಗ್ತಿಲ್ಲ ಎಂಬ ಆ ಸುಳ್ಳು ನಾನು ಹೇಳಿಸಿದ್ದಲ್ಲ, ಭಾವ ತಾವಾಗಿಯೇ ಹೇಳಿದ್ದು. ಹಾಗಾಗಿ ಮೊಣಕಾಲೂರಿ ಕಾರಿನ ಕೆಳಗೆ ಬಗ್ಗಿ ನೋಡಿದೆ. ಭಾವ ಸ್ಪ್ಯಾನರನ್ನು ಎದೆಯ ಮೇಲಿಟ್ಟುಕೊಂಡು ಸುಮ್ಮನೆ ಮಲಗಿದ್ದರು. ಯಾಕೆ ಹೇಳಲಿಲ್ಲವೆಂದು ಪಿಸುದನಿಯಲ್ಲಿ ಕೇಳಿದೆ.

"ಸರಿಹೋದ್ರೆ ಹೋಗ್ತಾಳಲ್ಲಯ್ಯ. ಅವಳು ಆ ಗುಡ್ಡ ಹತ್ತಿದ ದಿನ ನಂಗಿಲ್ಲಿ ಹೊಲಿಗೆ ನೆಟ್ಟಗೆ ಬರಲ್ಲ. ಇದೊಂದ್ಸಲ ಕೆಟ್ಟೇ ಇರ್ಲಿ ಅಂತ ಬರ್ದುಬಿಡು."

ಕೋಪ ಬರಬೇಕಿತ್ತು. ಬರಲಿಲ್ಲ. ಈ ಮನುಷ್ಯನ ಮೇಲೆ ನನಗೆ ಸಿಕ್ಕಾಪಟ್ಟೆ ಪ್ರೀತಿ ಬಂತು.

6

ಅಂತ್ಯ ಒಂದು: ಕಾರು ಕೆಟ್ಟೇ ಇರುತ್ತದೆ, ಗಂಡ ಹೆಂಡತಿ ಬೆಳಿಗ್ಗೆ ಒಟ್ಟಿಗೆ ಕೂತು ಚಹಾ ಕುಡಿಯುತ್ತಾರೆ. (ಅಕ್ಕ ಚಹಾ ಮುಟ್ಟುವುದಿಲ್ಲ. ನಾನು ಎಷ್ಟು ಬರೆದರೂ ಮುಟ್ಟುವುದಿಲ್ಲ.)

ಅಂತ್ಯ ಎರಡು: ಬಡಗಿಯ ಹುಣ್ಣನ್ನು ನಾನೇ ವಾಸಿಮಾಡಿಬಿಡುತ್ತೇನೆ. ಇದಕ್ಕೆ ಬಡಗಿ ಗುಡ್ಡದಿಂದಲೇ ಹೇಳಿಕಳಿಸಿದ: ನಿನ್ನ ಪೆನ್ನಿಗೆ ಬಗ್ಗುವ ಹುಣ್ಣಲ್ಲ ಇದು, ಆ ತಾಯಿಯನ್ನು ಕಳಿಸು.

ಮೂರನೆಯದನ್ನು ನಾನು ಬರೆಯುವ ಮೊದಲೇ ಅಕ್ಕ ಹಿಂದೆ ನಿಂತು ಇಷ್ಟನ್ನೂ ಓದಿಬಿಟ್ಟಿದ್ದಳು, ಟೈರಿನ ವಿಷಯ, ಹೊಲಿಗೆಯ ವಿಷಯ ಎಲ್ಲ. ಬೈಯಲಿಲ್ಲ. ಸ್ಟೆಪ್ನಿ ಉರುಳಿಸಿಕೊಂಡು ಬಂದು ಭಾವನ ಕಾಲ ಬಳಿ ಕೂತಳು.

"ರೀ, ಆಚೆ ಬನ್ನಿ. ನಟ್ಟು ನೀವೇ ಬಿಗಿ ಮಾಡಿ. ಬೇರೆ ಯಾರು ಮಾಡಿದ್ರೂ ನಂಗೆ ಧೈರ್ಯ ಸಾಲಲ್ಲ. ನಂಗೂ ಆ ಏರು ಕಂಡ್ರೆ ಭಯಾನೇ."

ಭಾವ ಆಚೆ ಬಂದು ಹೊಸ ಟೈರು ಬಿಚ್ಚಿ ಸ್ಟೆಪ್ನಿ ಕೂರಿಸಿದರು. ಒಂದೊಂದು ನಟ್ಟನ್ನೂ ಬಿಗಿದರು, ಮತ್ತೆ ಬಿಗಿದರು. ಕಾರು ಒಂದು ಸುತ್ತು ಹೋಗಿಬಂದಾಗ ಗುದ್ದುವ ಸದ್ದಿರಲಿಲ್ಲ, ದೀಪವೂ ಆರಿತ್ತು.

7

ಬೆಳಿಗ್ಗೆ ಅಕ್ಕ ಹೊರಟಳು. ಹೊಲಿಗೆ ಬಿಟ್ಟು ಭಾವ ನನ್ನ ಮೇಜಿನ ಬಳಿ ಬಂದು ನಿಂತರು. "ಕ್ಷೇಮವಾಗಿ ಬಂದ್ಲು ಅಂತ ಒಂದ್ಸಾಲು ಬರಿ. ನಿನ್ನ ಗಂಟೇನು ಹೋಗುತ್ತೆ?"

ಪೆನ್ನು ಎತ್ತಿದೆ. ಓದುಗರೇ, ನಿಮಗೂ ಆ ಸಾಲೇ ಬೇಕೆಂದು ಗೊತ್ತು, ನನಗೂ ಬೇಕು. ಆದರೆ ಸ್ಟೀರಿಂಗ್ ಹಿಡಿದಿರುವವಳು ಅಕ್ಕ, ನಾನಲ್ಲ. ಬರೆಯಲಾರೆ ಎಂದೆ. ಭಾವ ಮನಸಾರೆ ಬೈದರು. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

"ಈಗ ಎಲ್ಲಿರ್ಬೋದು?"

"ನಿಜವಾಗ್ಲೂ ಗೊತ್ತಿಲ್ಲ ಭಾವ."

"ಹಾಗಾದ್ರೆ ಏನೂ ಬರೀಬೇಡ," ಎಂದರು. "ಅವಳು ಬರ್ಲಿ."