ಎರಡು ಪಂಚಾಂಗದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ನಾನು ಎರಡನ್ನೂ ಮಾಡಿದವಳಲ್ಲ. ಮದುವೆ ಆಗಲಿಲ್ಲ, ಮನೆ, ಯಾರೋ ಕಟ್ಟಿದ್ದನ್ನು ಕೊಂಡೆ. ಅದೂ ಅರವತ್ತು ತುಂಬಿ ಬ್ಯಾಂಕಿನಿಂದ ನಿವೃತ್ತಳಾದ ಮೇಲೆ, ಬಾಡಿಗೆಗೆ ಕೊಡೋಣವೆಂದು. ಬಾಡಿಗೆಗೆ ಕೊಡೋಣ ಅನ್ನುವುದು ನನ್ನ ಮಾತಲ್ಲ, ನಮ್ಮಣ್ಣ ಸುಘೋಷನದು.

"ದುಡ್ಡು ಬ್ಯಾಂಕಲ್ಲಿ ಮಲಗಿರೋದಕ್ಕಿಂತ ಗೋಡೆಯಾಗಿ ನಿಂತಿರ್ಲಿ ರಂಜು," ಅಂದಿದ್ದ. "ಒಂದು ವರ್ಷದ ಬಾಡಿಗೆ ಬಂದ್ರೆ ಮೇಲೆ ಮಾಡೋ ಚಿಕ್ಕ ಸಾಲ ತೀರತ್ತೆ. ಆಮೇಲೆ ಬರೋದೆಲ್ಲ ನಿನ್ನ ಕೈಖರ್ಚಿಗೆ."

ಅಣ್ಣ ರೈಲ್ವೆಯಲ್ಲಿದ್ದವನು. ಯಾವ ಕೆಲಸಕ್ಕೂ ಟೈಮ್‌ಟೇಬಲ್ ಹಾಕದೆ ಅವನಿಗೆ ಊಟ ಸೇರುವುದಿಲ್ಲ. ನನ್ನ ಮುಪ್ಪಿಗೂ ಒಂದು ಹಾಕಿಟ್ಟಿದ್ದ. ಅದರಲ್ಲಿ ನಾನು ಮದರಾಸಿನ ಕೋಡಂಬಾಕ್ಕಂನ ಅವನ ಮನೆಯಲ್ಲೇ ಕೊನೆಯ ಸ್ಟೇಷನ್ ತನಕ ಹೋಗುವವಳು.

ಫ್ಲ್ಯಾಟು ಇದ್ದದ್ದು ತ್ರಿಪ್ಲಿಕೇನಿನ ಒಂದು ಸಂದಿನಲ್ಲಿ, ಮೂರನೇ ಮಹಡಿ. ಒಂದು ಹಾಲ್, ಒಂದು ರೂಮು, ಇಬ್ಬರು ನಿಂತರೆ ಮೂರನೆಯವರು ಹೊರಗಿರಬೇಕಾದ ಅಡುಗೆಮನೆ. ಕಿಟಕಿಯ ಎದುರು ಲಾಡ್ಜಿನವರು ಒಣಗಹಾಕಿದ ಬೆಡ್‌ಶೀಟುಗಳು, ಕೆಳಗೆ ಮೆಸ್ಸಿನ ಸಾಂಬಾರಿನ ವಾಸನೆ. ಮಧ್ಯಾಹ್ನ ಇಳಿದರೆ ಮರೀನಾ ಕಡೆಯಿಂದ ಗಾಳಿ ಬರುತ್ತಿತ್ತು. ಅಷ್ಟಕ್ಕೇ ನಾನು ಸೋತಿದ್ದು.

ಇದೇ ತ್ರಿಪ್ಲಿಕೇನಿನಲ್ಲಿ, ಎರಡು ಬೀದಿ ಆಚೆ, ಆರು ಸಂಸಾರಗಳ ಒಂದು ಹಳೇ ಮನೆಯ ಒಂದು ಪೋರ್ಷನ್‌ನಲ್ಲಿ ನಾವು ಬೆಳೆದದ್ದು. ಮನೆಯ ಯಜಮಾನರ ಮೊದಲನೆಯ ಕಾನೂನು, ಗೋಡೆಗೆ ಮೊಳೆ ಹೊಡೆಯಬಾರದು. ಹಾಗಾಗಿ ನಮ್ಮ ದೇವರುಗಳೆಲ್ಲ ನೆಲದ ಮೇಲೆ ಗೋಡೆಗೆ ಒರಗಿಕೊಂಡಿದ್ದರು. ಕ್ಯಾಲೆಂಡರನ್ನು ಅಪ್ಪ ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟಿದ್ದರು. ಗಾಳಿ ಬಂದರೆ ಅದು ಬೆನ್ನು ತಿರುಗಿಸಿಬಿಡುತ್ತಿತ್ತು, ಏಕಾದಶಿ ಯಾವತ್ತು ಅಂತ ಎದ್ದು ಹೋಗಿ ತಿರುಗಿಸಿ ನೋಡಬೇಕಿತ್ತು. "ನಮ್ದೂಂತ ಒಂದು ಗೋಡೆ ಆದ್ರೆ ಮೊದ್ಲು ಒಂದು ಮೊಳೆ ಹೊಡೀಬೇಕು ಕಣೆ," ಅನ್ನುತ್ತಿದ್ದರು ನಮ್ಮಮ್ಮ ಭೀಮಾಬಾಯಿ. ಆ ಗೋಡೆ ಆಗಲಿಲ್ಲ. ಅಮ್ಮ ಹೋದರು. ಅಣ್ಣನ ಕ್ವಾರ್ಟರ್ಸು, ಆಮೇಲೆ ಅಣ್ಣನ ಮನೆ, ಹೀಗೆ ನನ್ನ ಒಂದು ಸ್ಟೀಲ್ ಬೀರು ಊರೆಲ್ಲ ಸುತ್ತಿತು.

ಅಣ್ಣನ ಮನೆಯಲ್ಲಿ ನನಗೇನು ಕಡಿಮೆ? ಅತ್ತಿಗೆ ಕಲಾವತಿ ಮೊದಲ ಡಿಕಾಕ್ಷನ್ನಿನ ಕಾಫಿ ನನಗೇ ಕೊಡುತ್ತಾಳೆ. ಅವರ ಮಗಳು ಶ್ರೀಯಾಳ ರೂಮಿನಲ್ಲಿ ನನಗೊಂದು ಮಂಚವಿದೆ. "ಅತ್ತೆ, ಲೈಟ್ ಆಫ್ ಪಣ್ಣುಂಗೋ" ಅಂತ ಅವಳು ತಮಿಳಿನಲ್ಲಿ ಹೇಳಿದ ಕೂಡಲೇ ನಾನು ಪುಸ್ತಕ ಮುಚ್ಚಿ ದೀಪ ಆರಿಸುತ್ತೇನೆ. ಯಾರೂ ನನಗೆ ಕಷ್ಟ ಕೊಟ್ಟವರಲ್ಲ. ಅದೇ ಕಷ್ಟ. ಕೆಟ್ಟವರ ಮನೆ ಬಿಟ್ಟು ಹೋಗುವುದಕ್ಕೆ ಕಾರಣ ಸಿಗುತ್ತದೆ, ಒಳ್ಳೆಯವರ ಮನೆ ಬಿಡುವುದಕ್ಕೆ ಏನಂತ ಹೇಳುವುದು? ನನಗೆ ಒಬ್ಬಳೇ ಇರಬೇಕು ಅನ್ನಿಸುತ್ತಿತ್ತು. ವರ್ಷಗಳಿಂದ, ಹಸಿವಿನ ಹಾಗೆ. ಯಾರಿಗೂ ಹೇಳಿರಲಿಲ್ಲ.

ಜೂನ್ ತಿಂಗಳಲ್ಲಿ ಎಲ್ಲರೂ ಹೋಗಿ ಹಾಲು ಉಕ್ಕಿಸಿ ಬಂದೆವು. ಹೊಸ ಮನೆಗೆ ಬಾಡಿಗೆಯವರು ಬಂದರೆ ಅವರ ಪಾಲಿಗೆ ಅವರು ಉಕ್ಕಿಸಿಕೊಳ್ಳುತ್ತಾರೆ, ಆದರೆ ಒಡತಿಯ ಹಾಲು ಮೊದಲು ಉಕ್ಕಬೇಕು ಅಂತ ಅತ್ತಿಗೆಯ ಶಾಸ್ತ್ರ. ಪಾತ್ರೆ ಚಿಕ್ಕದಾಗಿತ್ತು, ಹಾಲು ಪೂರ್ವಕ್ಕೂ ಉಕ್ಕಿತು, ಉಳಿದ ಮೂರು ದಿಕ್ಕಿಗೂ ಉಕ್ಕಿತು. ಅಣ್ಣ ಒಂದು ಬೀಗದಕೈಯನ್ನು ಬ್ರೋಕರ್ ಭೋಜರಾಜನಿಗೆ ಕೊಟ್ಟ. ಇನ್ನೊಂದು ನನ್ನ ಪರ್ಸಿಗೆ ಬಂತು.

ಎರಡೇ ದಿನಕ್ಕೆ ಬಚ್ಚಲ ನಲ್ಲಿ ಸೋರುತ್ತಿದೆ ಅಂತ ಕೆಳಗಿನ ಮನೆಯವರ ಫೋನು. ಮನೆ ಕೊಳ್ಳುವುದು ಮುಗಿಯುವ ಕೆಲಸವಲ್ಲ ಅಂತ ಆಗ ಗೊತ್ತಾಯಿತು. ಪ್ಲಂಬರ್ ಬಂದು ಹೋದ ಮೇಲೆ ನಾನು ಖಾಲಿ ಹಾಲ್‌ನಲ್ಲಿ ನೆಲದ ಮೇಲೆ ಕೂತೆ. ಗಾಳಿ ಬಂತು. ಯಾರೂ ನನ್ನನ್ನು ಕರೆಯಲಿಲ್ಲ. ಎದ್ದು ನೋಡಿದರೆ ಬೀದಿದೀಪ ಹತ್ತಿತ್ತು.

ಮಾರನೆಯ ದಿನ ಒಂದು ಚಾಪೆ ತಂದೆ. ಆಮೇಲೆ ಒಂದು ಕರೆಂಟ್ ಒಲೆ, ಒಬ್ಬರಿಗಾಗುವ ಫಿಲ್ಟರು, ಒಂದು ಲೋಟ. ಮನೆಯಲ್ಲಿ "ಸ್ವಲ್ಪ ಗಾಳಿ ಆಡಿಸಿ ಬರ್ತೀನಿ, ಮುಚ್ಚಿಟ್ರೆ ಮುಗ್ಗಲು ಹಿಡಿಯತ್ತೆ" ಅಂತ ಹೇಳಿ ಹೊರಡುತ್ತಿದ್ದೆ. ಅರವತ್ತು ವರ್ಷದಲ್ಲಿ ಮೊದಲ ಸಲ ಒಬ್ಬಳಿಗೆ ಎಷ್ಟು ಪುಡಿ ಹಾಕಬೇಕು ಅಂತ ಯೋಚಿಸಿದೆ. ಮೊದಲ ದಿನದ ಕಾಫಿ ಕಷಾಯವಾಗಿತ್ತು. ಅದನ್ನು ಪೂರ್ತಿ ಕುಡಿದೆ.

ಒಂದು ಮೊಳೆಯನ್ನೂ ತಂದಿದ್ದೆ. ಕಿಟಕಿಯ ಪಕ್ಕದ ಗೋಡೆಯ ಮೇಲೆ ಜಾಗವನ್ನೂ ನೋಡಿದ್ದೆ. ಹೊಡೆಯಲು ಕೈ ಬರಲಿಲ್ಲ. ಹುಟ್ಟಿದಾಗಿನಿಂದ ಬಾಡಿಗೆ ಮನೆಯವಳು, ಯಜಮಾನರು ಎಲ್ಲೋ ಕೇಳಿಸಿಕೊಂಡು ಬಂದುಬಿಟ್ಟಾರು ಅನ್ನಿಸಿತು. ಯಜಮಾನಿ ನಾನೇ ಅನ್ನುವುದು ತಲೆಗೆ ಹೋಗಿತ್ತು, ಕೈಗೆ ಇಳಿದಿರಲಿಲ್ಲ.

ಅಷ್ಟರಲ್ಲಿ ಭೋಜರಾಜನ ಫೋನು. "ನಲ್ಲ ಫ್ಯಾಮಿಲಿ ಮಾ, ತುಂಬ ಒಳ್ಳೆಯವರು. ಆಡಿ ಹುಟ್ಟೋ ಮುಂಚೆ ಬಂದು ಸೇರ್ಕೊಳ್ತಾರಂತೆ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಆಷಾಢ ಚಂದ್ರನ ಲೆಕ್ಕದ್ದು, ತಮಿಳರ ಆಡಿ ಸೂರ್ಯನ ಲೆಕ್ಕದ್ದು. ಎರಡರಲ್ಲೂ ಮನೆ ಬದಲಿಸುವುದಿಲ್ಲ, ಆದರೆ ಎರಡೂ ಒಂದೇ ದಿನ ಹುಟ್ಟುವುದೂ ಇಲ್ಲ, ಒಂದೇ ದಿನ ಸಾಯುವುದೂ ಇಲ್ಲ. ಆ ವರ್ಷ ಆಷಾಢ ಮೊದಲು ಬಂದಿತ್ತು.

"ನಮಗೆ ಆಗಲೇ ಆಷಾಢ ಭೋಜರಾಜ," ಅಂದೆ. "ಆಷಾಢದಲ್ಲಿ ನಾವು ಮನೆ ಕೊಡೋದಿಲ್ಲ."

ಅಣ್ಣ ಪಂಚಾಂಗದ ಮುಂದೆ ತಲೆಬಾಗುವವನು, ಹೌದು ಅಂದ. ಆಷಾಢ ಮುಗಿಯುವ ಹೊತ್ತಿಗೆ ಆಡಿ ಬಂದು ಕೂತಿತ್ತು. ಈಗ ಭೋಜರಾಜನೇ ಕೈಚೆಲ್ಲಿದ. ಆಡಿಯಲ್ಲಿ ಮದರಾಸಿನಲ್ಲಿ ಬೆಕ್ಕು ಕೂಡ ಮನೆ ಬದಲಿಸುವುದಿಲ್ಲ. ನಾನು ಆ ಕಿಟಕಿಯ ಪಕ್ಕ ಕಾಲು ಚಾಚಿ ಕೂತು, ಇವರ ಸೂರ್ಯನಿಗೂ ನಮ್ಮ ಚಂದ್ರನಿಗೂ ಕೈಮುಗಿದೆ.

ಆದರೆ ಆಡಿಯ ನಡುವೆ ಒಂದು ಸಂಜೆ ಹರಿಹರ ಎಂಬವರನ್ನು ಭೋಜರಾಜ ಕರೆದುಕೊಂಡು ಬಂದ. ವಿಮಾ ಕಂಪನಿಯವರು, ಕನ್ನಡದವರು. "ನಮಗೆ ಶ್ರಾವಣ ಬಂತಲ್ಲ, ಶುಕ್ರವಾರ ಬಂದ್ಬಿಡ್ತೀವಿ," ಅಂದರು ಅವರು.

"ಕಟ್ಟಡದಲ್ಲಿ ಎಲ್ಲ ತಮಿಳರು. ಆಡಿಯಲ್ಲಿ ಸಾಮಾನು ಏರಿಸಿದ್ರೆ ಬೇಜಾರು ಮಾಡ್ಕೋತಾರೆ," ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮನೆ ನಿಮ್ದೋ, ಕಟ್ಟಡದ್ದೋ?"

ಆ ರಾತ್ರಿ ಊಟದ ಹೊತ್ತಿಗೆ ಸುದ್ದಿ ಅಣ್ಣನಿಗೆ ಮುಟ್ಟಿತ್ತು. "ನಮ್ಮವರು ಬಂದಾಗ ಅವರ ಪಂಚಾಂಗ, ಅವರು ಬಂದಾಗ ನಮ್ಮ ಪಂಚಾಂಗ. ಇನ್ನೂ ಎಷ್ಟು ಪಂಚಾಂಗ ಇಟ್ಕೊಂಡಿದೀಯೇ?" ಅಂದ. ಶ್ರೀಯಾ ನಕ್ಕಳು. ನಾನು ಸಾರಿಗೆ ಉಪ್ಪು ಕಡಿಮೆ ಅಂದೆ. ಉಪ್ಪು ಸರಿಯಾಗೇ ಇತ್ತು.

ಆಡಿ ಮುಗಿಯಿತು. ಆವಣಿ ಬಂದದ್ದೇ ಜನ ಸಾಲುಗಟ್ಟಿದರು. ಆವಣಿ ಮನೆ ಬದಲಿಸುವ ತಿಂಗಳು, ನನ್ನ ಬಳಿ ನೆಪ ಮುಗಿದಿತ್ತು. ಒಬ್ಬರಿಗೆ ನೀರು ಸಾಲದು ಅಂದೆ, ಇನ್ನೊಬ್ಬರಿಗೆ ಮೆಟ್ಟಿಲು ಕಡಿದು ಅಂದೆ. ನನ್ನ ಮನೆಯನ್ನು ನಾನೇ ಹಳಿದೆ. ಸಾಲದ ಕಂತು ನನ್ನ ಪಿಂಚಣಿಯನ್ನು ತಿನ್ನುತ್ತಿತ್ತು. ಹೀಗೇ ಬಿಟ್ಟರೆ ಮನೆಯನ್ನೇ ಮಾರಬೇಕಾದೀತು ಅಂತ ನನಗೂ ಗೊತ್ತಿತ್ತು. ಮನೆ ಉಳಿಯಬೇಕಾದರೆ ಅದನ್ನು ಬೇರೆಯವರಿಗೆ ಕೊಡಬೇಕು. ಕೊಟ್ಟರೆ ಒಮ್ಮೆ ಹೊಕ್ಕವರು ಬಿಡುವುದಿಲ್ಲ, ಅಣ್ಣನೂ ಬಿಡಿಸುವುದಿಲ್ಲ. ಎರಡು ಕಡೆಯಿಂದಲೂ ಅದು ಕೈಬಿಟ್ಟು ಹೋಗುತ್ತಿತ್ತು.

ಆಗಸ್ಟ್ ಕೊನೆಯ ಭಾನುವಾರ ಅಣ್ಣ ಚಪ್ಪಲಿ ಮೆಟ್ಟಿ ನಿಂತ. "ಇವತ್ತು ನಾನೂ ಬರ್ತೀನಿ. ಇವತ್ತು ಮುಗಿಸಿಬಿಡೋಣ." ಚಾಪೆ, ಒಲೆ, ಲೋಟ ಎಲ್ಲ ಅಲ್ಲೇ ಇದ್ದವು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಬಸ್ಸಿನ ಉದ್ದಕ್ಕೂ ನನಗೆ ಅದೇ ಯೋಚನೆ.

ಅಣ್ಣ ಒಳಗೆ ಬಂದವನೇ ಅಡುಗೆಮನೆಯಲ್ಲಿ ಲೋಟ ಕೈಗೆತ್ತಿಕೊಂಡು ನಿಂತುಬಿಟ್ಟ. "ರಂಜು, ನೋಡಿಲ್ಲಿ! ಆ ಕಟ್ಟಡದ ವಾಚ್‌ಮನ್ ನಮ್ಮನೇಲಿ ಕಾಫಿ ಕಾಸ್ಕೊಂಡು, ಚಾಪೆ ಹಾಸ್ಕೊಂಡು ಮಜವಾಗಿದಾನೆ. ಬೀಗ ಬದಲಿಸ್ಬೇಕು ಇವತ್ತೇ."

ಐವತ್ತು ವರ್ಷ ನಾನು ಕಾಫಿ ಕುಡಿಯುವುದನ್ನು ನೋಡಿದವನು. ಅಂಚು ಮಡಿಸಿದ ಲೋಟವೇ ನನಗೆ ಬೇಕು ಅನ್ನುವುದೂ ಅವನಿಗೆ ಗೊತ್ತು. ಲೋಟ ಕೈಯಲ್ಲೇ ಇದ್ದರೂ ಅವನಿಗೆ ಅದು ನನ್ನದಿರಬಹುದು ಅಂತ ಹೊಳೆಯಲಿಲ್ಲ. ಒಬ್ಬಳೇ ಇರುವ ನಾನು ಅವನ ಕಲ್ಪನೆಯಲ್ಲೇ ಇರಲಿಲ್ಲ.

ಅಷ್ಟು ಹೊತ್ತಿಗೆ ಭೋಜರಾಜ ಬಂದ, ಜೊತೆಗೆ ಒಬ್ಬ ಹುಡುಗಿ. ಚಿನ್ಮಯಿ ಅಂತ ಹೆಸರು, ಹಾಸನದವಳು, ಹತ್ತಿರದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುತ್ತಾಳಂತೆ. ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿ ನಾಲ್ವರು.

"ಅಮ್ಮ ಬಂದು ಇರ್ತಾರೇನಮ್ಮಾ ಜೊತೆಗೆ?" ಅಂತ ಅಣ್ಣ ಕೇಳಿದ.

"ಇಲ್ಲ ಅಂಕಲ್. ನಾನೊಬ್ಬಳೇ."

ಅಣ್ಣ ನನ್ನ ಮುಖ ನೋಡಿದ, ಬೇಡ ಅನ್ನುವ ಹಾಗೆ. ಆಗ ನನ್ನ ಬಾಯಿಂದಲೇ ಆ ಮಾತು ಬಂತು, ಬೇರೆ ಯಾರದೋ ಬಾಯಿಂದ ಬಂದ ಹಾಗೆ: "ಒಬ್ಬಳೇ ಹೇಗಿರ್ತೀಯಮ್ಮಾ?"

ಅವಳು ಸಿಟ್ಟಾಗಲಿಲ್ಲ. ಈ ಪ್ರಶ್ನೆ ಎಷ್ಟು ಮನೆಗಳಲ್ಲಿ ಕೇಳಿಸಿಕೊಂಡಿದ್ದಳೋ. "ನಾಲ್ಕು ಜನರ ಮಧ್ಯೆ ಇದ್ದು ನೋಡಿದೀನಿ ಆಂಟಿ. ಒಬ್ಬಳೇ ಇದ್ದು ನೋಡಿಲ್ಲ. ಹೇಗಿರತ್ತೆ ಅಂತ ನೋಡ್ಬೇಕು."

ಅಷ್ಟೇ. ಇಷ್ಟು ಸುಲಭದ ಮಾತು ನನಗೆ ಅರವತ್ತು ವರ್ಷ ಬಂದಿರಲಿಲ್ಲ. ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಯಿತು. ಅದರ ಬೆನ್ನಿಗೇ ಬೇರೆ ಯಾರಿಗೂ ಈ ಮನೆ ಕೊಡಲಾರೆ ಅಂತಲೂ ಅನ್ನಿಸಿತು.

"ಮನೆ ನಿನ್ನದೇ," ಅಂದೆ.

"ಗೋಡೆಗೆ ಒಂದೆರಡು ಮೊಳೆ ಹೊಡೀಬಹುದಾ?"

"ಮೊಳೆ ಮಾತ್ರ..." ಅಂತ ಅಣ್ಣ ಬಾಯಿ ತೆಗೆದ. ನಮ್ಮ ಹಳೇ ಯಜಮಾನರೇ ಅವನ ಮೈಮೇಲೆ ಬಂದ ಹಾಗಿತ್ತು.

"ಎಷ್ಟು ಬೇಕಾದ್ರೂ ಹೊಡಿ," ಅಂದೆ ನಾನು. "ಆ ಕಿಟಕಿ ಪಕ್ಕದ ಗೋಡೆ ಒಂದು ಬಿಟ್ಟು."

"ಅದ್ಯಾಕೆ ಅದೊಂದು?" ಅಂದ ಅಣ್ಣ.

"ಅದು ಆಗಲೇ ಇನ್ನೊಬ್ಬರಿಗೆ ಮಾತಾಗಿದೆ. ಚಿನ್ಮಯಿ, ಕರಾರು ಹನ್ನೊಂದು ತಿಂಗಳದ್ದು, ಅಷ್ಟೇ. ಮುಂದಕ್ಕೆ ಹಾಕೋದಿಲ್ಲ. ಆಮೇಲೆ ಬೇರೆಯವರು ಬರ್ತಾರೆ."

ಭೋಜರಾಜ ಹಣೆ ಚಚ್ಚಿಕೊಂಡ. ಅಣ್ಣ ಕೇಳಿದ, "ಯಾರು ಬರ್ತಾರೆ? ನನಗೆ ಹೇಳೇ ಇಲ್ಲ?"

"ಒಬ್ಬ ಹೆಂಗಸು. ಬ್ಯಾಂಕಲ್ಲಿದ್ದವಳು. ಒಬ್ಬಳೇ ಇರ್ತಾಳಂತೆ." ನಾನು ಲೋಟದ ಕಡೆ ಕೈ ತೋರಿಸಿದೆ. "ನಿನ್ನ ಕೈಲಿರೋ ಲೋಟ ಅವಳದ್ದೇ ಅಣ್ಣಾ."

ಅಣ್ಣ ಲೋಟ ನೋಡಿದ. ಮಡಿಸಿದ ಅಂಚಿನ ಮೇಲೆ ಅವನ ಹೆಬ್ಬೆರಳು ನಿಂತಿತು. ಆಮೇಲೆ ಚಾಪೆ ನೋಡಿದ, ಕಿಟಕಿ ನೋಡಿದ. ಅವನ ಮುಖ ಚಿಕ್ಕದಾಯಿತು. ನಮ್ಮಿಂದ ಏನು ತಪ್ಪಾಯಿತು ಅಂತ ಕೇಳುತ್ತಾನೆ ಅಂದುಕೊಂಡೆ. ಅದೊಂದನ್ನು ಕೇಳಿದ್ದರೆ ನಾನು ಅಲ್ಲೇ ಸೋತುಬಿಡುತ್ತಿದ್ದೆ. ಅವನು ಕೇಳಲಿಲ್ಲ. ಬೆರಳು ಮಡಿಸಿ ತಿಂಗಳು ಎಣಿಸತೊಡಗಿದ.

"ಬರೋ ವರ್ಷ ಅಧಿಕಮಾಸ, ಆಷಾಢ ತಡ," ಅಂದ ಕೊನೆಗೆ. "ಹನ್ನೊಂದು ತಿಂಗಳು ಅಂದ್ರೆ ಆಗ ಆಷಾಢ. ಆಡಿನೂ ಹುಟ್ಟಿರತ್ತೆ. ಎರಡೂ ಒಟ್ಟಿಗೇ ಬೀಳತ್ತೆ ರಂಜು. ಆಗ ಯಾರೂ ಹೊಸ ಮನೆಗೆ ಹೋಗೋದಿಲ್ಲ ಕಣೆ." ಪಂಚಾಂಗ ಹೇಳುವ ದನಿ ಅದಲ್ಲ. ಹೋಗಬೇಡ ಅನ್ನುವುದಕ್ಕೆ ಅವನಿಗೆ ಬೇರೆ ಭಾಷೆ ಬರುವುದಿಲ್ಲ.

"ಹೊಸದಾಗಿ ಹೋಗೋದೆಲ್ಲಿ ಅಣ್ಣಾ," ಅಂದೆ. "ನನ್ನ ಹಾಲು ಉಕ್ಕಿ ಆಗಿದೆಯಲ್ಲ. ನೀನೂ ಇದ್ದೆ."

ಕೆಳಗೆ ಮೆಸ್ಸಿನಲ್ಲಿ ಯಾರೋ ಎಲೆ ಹಾಕಿ ಅಂತ ಕೂಗಿದರು. ಅಣ್ಣ ನಲ್ಲಿಯ ಹತ್ತಿರ ಹೋಗಿ ಲೋಟವನ್ನು ನಿಧಾನಕ್ಕೆ ತೊಳೆದ. ಮನೆಗೆ ಒಯ್ಯಲು ನನ್ನ ಚೀಲಕ್ಕೆ ಹಾಕುತ್ತಾನೆ ಅಂತ ನೋಡುತ್ತಿದ್ದೆ. ಹಾಕಲಿಲ್ಲ. ಮೇಲಿನ ಶೆಲ್ಫಿನ ಮೂಲೆಯಲ್ಲಿ ಬೋರಲಾಗಿ ಇಟ್ಟ.

"ಇದು ಇಲ್ಲೇ ಇರ್ಲಿ ಮಗು," ಅಂತ ಚಿನ್ಮಯಿಗೆ ಹೇಳಿದ. "ನಮ್ಮ ತಂಗಿದು."