ಗಾಳಿ ತಿರುಗುವ ಹೊತ್ತು

ಹಳೇಬೀಡಿನ ಕಡೆ ಗುಡ್ಡದ ಬುಡದಲ್ಲಿ ತೆಂಗಿನತೋಟ ಇರುವವರಿಗೆ ಒಂದು ಜಾಣತನ ರೂಢಿಯಾಗಿಬಿಟ್ಟಿದೆ. ಒಣಗರಿ ಸುಡುವುದಿದ್ದರೆ ಬಿಸಿಲಿರುವಾಗಲೇ ಸುಡುತ್ತಾರೆ. ಕಾದ ಗುಡ್ಡ ಗಾಳಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಹೊಗೆ ಮನೆಯತ್ತ ಬರುವುದಿಲ್ಲ. ಗುಡ್ಡದ ಮೇಲೆ ಯಾರಿದ್ದಾರೆ ಎಂದು ನೋಡುವ ತಾಳ್ಮೆ ಮಾತ್ರ ಯಾರಿಗೂ ಇಲ್ಲ.

ಆವತ್ತು ಗುಡ್ಡದ ಮೇಲೆ ಕೆಂಚಯ್ಯ ಇದ್ದ, ಅವನ ಹದಿನಾಲ್ಕು ಮೇಕೆಗಳಿದ್ದವು. ಷಡಕ್ಷರಪ್ಪನವರು ತೋಟದ ಅಂಚಿನಲ್ಲಿ ಹಚ್ಚಿದ ಬೆಂಕಿ ಬೇಲಿ ದಾಟಿ, ಒಣಹುಲ್ಲಿಗೆ ಬಿದ್ದು ಸರಸರನೆ ಮೇಲೇರುತ್ತಿತ್ತು. ಮಾದಿಹಳ್ಳಿಯ ಹೈಸ್ಕೂಲಿನಲ್ಲಿ ಟೀಚರಾಗಿದ್ದ ಕೆಂಚಯ್ಯನ ಮಗಳು ಲತಾಮಣಿ ಬಸ್ಸಿಳಿದವಳೇ ತೋಟದ ಅಂಚಿಗೆ ಓಡಿಬಂದು ಅಪ್ಪನಿಗೆ ಫೋನ್ ಮಾಡಿದಳು.

"ಎಲ್ಲಿದ್ದೀಯಪ್ಪ?"

"ದೊಡ್ಡಬಂಡೆ ಮ್ಯಾಲೆ ಕಣವ್ವ. ಕೊರಕಲಲ್ಲಿ ಇಳಿದು ಬತ್ತೀನಿ, ಅಲ್ಲಿನ್ನೂ ಬೆಂಕಿ ಇಲ್ಲ."

ಪಕ್ಕದಲ್ಲಿ ನಿಂತಿದ್ದ ಷಡಕ್ಷರಪ್ಪನವರು ಫೋನಿಗೇ ಕಿವಿಗೊಟ್ಟಿದ್ದರು. "ಹೂಂ ಅನ್ನವ್ವ, ಹತ್ತು ನಿಮಿಷದ ದಾರಿ."

ಲತಾಮಣಿಗೆ ಗೊತ್ತಿತ್ತು. ಕೊರಕಲೆಂದರೆ ಅಡುಗೆಮನೆಯ ಹೊಗೆಗೂಡಿದ್ದಂತೆ, ಕೆಳಗೆ ಕಿಡಿ ಬಿದ್ದರೆ ಬೆಂಕಿ ಒಂದೇ ಉಸಿರಿಗೆ ಮೇಲಕ್ಕೆ ನುಗ್ಗುತ್ತದೆ.

"ಇಳೀಬೇಡ!" ಎಂದು ಕಿರುಚಿದಳು. "ಬಂಡೆ ಮೇಲೆ ಹುಲ್ಲಿಲ್ಲ, ಅಲ್ಲೇ ಬೋರಲು ಮಲಗು. ಬಾಟ್ಲಿ ನೀರಲ್ಲಿ ಟವೆಲ್ ನೆನೆಸಿ ಮುಖಕ್ಕೆ ಹಿಡ್ಕೊ. ಹೊತ್ತು ಗುಡ್ಡದ ಹಿಂದಕ್ಕೆ ಹೋದ್ರೆ ನೆಲ ತಣ್ಣಗಾಗಿ ಗಾಳಿ ಕೆಳಕ್ಕೆ ತಿರುಗ್ತದೆ. ಅಲ್ಲೀವರೆಗೂ ಅಲ್ಲಾಡಬೇಡ."

ಫೋನ್ ಕಟ್ಟಾಯಿತು. ಮತ್ತೆ ಸಿಗಲಿಲ್ಲ.

ಸ್ವಲ್ಪ ಹೊತ್ತಿಗೆ ಕೊರಕಲು ಭೋರೆಂದು ಹತ್ತಿಕೊಂಡಿತು. ಜನ್ಮದಲ್ಲಿ ಯಾರ ಮಾತೂ ಕೇಳದ ಅಪ್ಪ ತನ್ನ ಮಾತು ಕೇಳಿದನೋ, ಇಳಿದೇಬಿಟ್ಟನೋ? ಬಂಡೆ ಹೊಗೆಯಲ್ಲಿ ಮುಳುಗಿಹೋಗಿತ್ತು. ಹೊತ್ತು ಗುಡ್ಡದ ಹಿಂದೆ ಸರಿಯಿತು, ಗಾಳಿ ತಿರುಗಲಿಲ್ಲ. ಒಂಬತ್ತನೇ ಕ್ಲಾಸಿಗೆ ಬೋರ್ಡಿನ ಮೇಲೆ ಬಾಣ ಎಳೆದು, ಹಗಲು ಮೇಲಕ್ಕೆ, ಸಂಜೆ ಕೆಳಕ್ಕೆ ಎಂದು ಗಟ್ಟಿಯಾಗಿ ಪಾಠ ಹೇಳಿದವಳು ಅವಳೇ. ಬೋರ್ಡಿನ ಮೇಲೆ ತಪ್ಪಿದರೆ ಒರೆಸಬಹುದು. ಅವಳ ಸೆರಗಿನ ತುದಿ ಇನ್ನೂ ಗುಡ್ಡದ ಕಡೆಗೇ ಹಾರುತ್ತಿತ್ತು. ಅದರ ಮೇಲಿಂದ ಕಣ್ಣು ತೆಗೆಯಲು ಅವಳಿಗೆ ಭಯ.

ಸೆರಗು ಇಳಿಬಿತ್ತು. ಒಂದಷ್ಟು ಹೊತ್ತು ಎಲೆಯೂ ಅಲ್ಲಾಡಲಿಲ್ಲ. ಆಮೇಲೆ ಹೊಗೆ ನೇರ ಅವಳ ಮುಖಕ್ಕೇ ಬಡಿಯಿತು. ಕೆಮ್ಮುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಲತಾಮಣಿ ನಕ್ಕುಬಿಟ್ಟಳು.

ಸುಟ್ಟು ಕರಿಯಾದ ನೆಲದ ಮೇಲೆ ಮೊದಲು ಮೇಕೆಗಳು ಬಂದವು, ಹಿಂದೆ ಕೆಂಚಯ್ಯ. ಮಗಳು ಹೋಗಿ ತಬ್ಬಿಕೊಂಡಳು.

"ಒಂದು ಕಾಲು ಕೊರಕಲಿಗೆ ಇಟ್ಟಿದ್ದೆ ಕಣವ್ವ. ನೀನು ಕಿರುಚಿದ್ದಕ್ಕೆ ಹಿಂದಕ್ಕೆ ತಗಂಡೆ."

ಅಷ್ಟರಲ್ಲಿ ಷಡಕ್ಷರಪ್ಪನವರು "ಅಯ್ಯೋ, ತೋಟ!" ಎಂದು ಚೀರಿದರು. ಪಕ್ಕಕ್ಕೆ ಹರಡಿದ್ದ ಬೆಂಕಿ ಗಾಳಿಯ ಜೊತೆ ತಿರುಗಿ, ತೋಟದ ಮೇಲಿನ ಮೂಲೆಗೆ ಇಳಿದು ಬರುತ್ತಿತ್ತು.

ಕೆಂಚಯ್ಯ ಅತ್ತ ಹೊರಟ. ಲತಾಮಣಿ ಅವನ ತೋಳು ಬಿಡಲಿಲ್ಲ. "ಅವರೇ ಹಚ್ಚಿದ್ದು ಕಣಪ್ಪ."

"ಗೊತ್ತೈತೆ. ಮ್ಯಾಲಿಂದ ನೋಡಿದೀನಿ."

ಹೊಂಗೆಯ ಎರಡು ಹಸಿಕೊಂಬೆ ಮುರಿದು, ಒಂದನ್ನು ಅವಳ ಕೈಗಿಟ್ಟ. "ನೀನು ಆ ಕಡೆಯಿಂದ ಬಡಿ."